ಮಡಿಕೇರಿಯಲ್ಲೂ ನೂರಕ್ಕೇ ಕುದಿಯುವ ನೀರು: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಎತ್ತರ 300 ಮೀಟರ್ ಏರಿದರೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ನಾನು ಕಂಡ ಪಿಯುಸಿ ವಿದ್ಯಾರ್ಥಿಗಳ ಪ್ರಯೋಗದ ರೆಕಾರ್ಡ್ ಪುಸ್ತಕಗಳಲ್ಲಿ ಮಾತ್ರ ಅದು ಎಲ್ಲೆಡೆಯೂ ಶಿಸ್ತಾಗಿ 100ಕ್ಕೇ ಕುದಿಯುತ್ತದೆ.

97 ಕಂಡ ಹುಡುಗಿ ಥರ್ಮಾಮೀಟರನ್ನು ಅನುಮಾನಿಸಲಿ, ತಪ್ಪಿಲ್ಲ. ಕರಗುವ ಮಂಜುಗಡ್ಡೆಯಲ್ಲಿ ಅದನ್ನಿಟ್ಟು ನೋಡಲಿ. ಅಲ್ಲಿ ಸೊನ್ನೆಯ ಬದಲು ಎರಡು ತೋರಿಸಿದರೆ ಅದು ಉಪಕರಣದ ದೋಷ; ಎಷ್ಟು ಸಲ ಅಳೆದರೂ ಹೋಗದು, ಲೆಕ್ಕದಲ್ಲಿ ಕಳೆದೇ ತೀರಬೇಕು. ಸೊನ್ನೆಯನ್ನೇ ತೋರಿಸಿದರೆ ಊರಿನ ಎತ್ತರದ ಕಡೆ ನೋಡಬೇಕು. ಆದರೆ ಅವಳಿಗೆ ಸಿಗುವ ಸಲಹೆ ಒಂದೇ: '100 ಎಂದು ಬರೆ.'

ಸ್ಟಾಪ್‌ವಾಚ್‌ನದು ಬೇರೆ ಜಾತಿಯ ದೋಷ. ಒಂದು ಮೀಟರ್ ಉದ್ದದ ಸರಳ ಲೋಲಕದ (ದಾರಕ್ಕೆ ತೂಗುಬಿಟ್ಟ ಗುಂಡು) ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡ್ ಬೇಕು. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ 0.2 ಸೆಕೆಂಡ್ ಆಚೀಚೆ ಆದರೆ ಶೇ 10ರಷ್ಟು ದೋಷ. 20 ಆಂದೋಲನಗಳನ್ನು ಒಟ್ಟಿಗೆ ಅಳೆದರೆ ಅದು ಶೇ 0.5ಕ್ಕೆ ಇಳಿಯುತ್ತದೆ. ಈ ಲೋಲಕದಿಂದ ಕಂಡುಹಿಡಿಯುವ ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಅಲ್ಲಿ ಇಮ್ಮಡಿಯಾಗಿ ಶೇ 1. ಅಂದಮೇಲೆ ಪುಸ್ತಕದ 9.8ರ ಬದಲು 9.7 ಬಂದರೂ ಅದು ಒಳ್ಳೆಯ ಪ್ರಯೋಗವೇ. ಮಕ್ಕಳು 20 ಎಣಿಸುತ್ತಾರೆ, ಏಕೆಂದು ಕೇಳಿದರೆ 'ಪುಸ್ತಕದಲ್ಲಿದೆ' ಎನ್ನುತ್ತಾರೆ. ಅನೇಕರು ಅಷ್ಟೂ ಮಾಡದೆ 9.8ರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್‌ಗಳನ್ನು ಹೊಸೆಯುತ್ತಾರೆ. ಇದು ಪರೀಕ್ಷಕರಿಗೆ ಗೊತ್ತಿಲ್ಲದ ಗುಟ್ಟೇನಲ್ಲ.

ನಮ್ಮ ಪಿಯುಸಿ ಅನುಸರಿಸುವ ಎನ್‌ಸಿಇಆರ್‌ಟಿ (ಪಠ್ಯಪುಸ್ತಕ ರೂಪಿಸುವ ದೆಹಲಿಯ ಕೇಂದ್ರ ಸಂಸ್ಥೆ) ಭೌತಶಾಸ್ತ್ರ ಪುಸ್ತಕದ ಮೊದಲ ವರ್ಷದ ಭಾಗದಲ್ಲಿ ಮಾಪನ ದೋಷಗಳ ಪಾಠವಿತ್ತು. 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಅದನ್ನೂ ಇಳಿಸಿಬಿಟ್ಟರು. ಹೊರೆ ಎನ್ನಲು ಅದಕ್ಕಿಂತ ಯೋಗ್ಯವಾದ ಪುಟಗಳು ಆ ಪುಸ್ತಕದಲ್ಲಿ ಬೇಕಾದಷ್ಟಿದ್ದವು.

ದೆಹಲಿಯ ನಿರ್ಧಾರವನ್ನು ನೀವು ಬದಲಿಸಲಾರಿರಿ. ಪ್ರಾಯೋಗಿಕ ಪರೀಕ್ಷೆ ಮಾತ್ರ ನಿಮ್ಮ ಇಲಾಖೆಯದೇ. ಅದರ 30 ಅಂಕಗಳಲ್ಲಿ ಎರಡನ್ನಾದರೂ ದೋಷದ ಅಂದಾಜಿಗೆ ಮೀಸಲಿಡಿ. ರೀಡಿಂಗ್‌ಗಳು ಎಷ್ಟು ಚದುರಿವೆ, ಉಪಕರಣ ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲದು, ವ್ಯತ್ಯಾಸ ಎಲ್ಲಿಂದ ಬಂದಿರಬಹುದು ಎಂದು ವಿದ್ಯಾರ್ಥಿ ನಾಲ್ಕು ಸಾಲು ಬರೆಯಲಿ. ಆ ಅಂದಾಜಿನೊಳಗಿರುವ ಉತ್ತರಕ್ಕೆ ಅಂಕ ಕತ್ತರಿಸಬಾರದೆಂದೂ, ಐದೂ ರೀಡಿಂಗ್‌ಗಳು ಕೂದಲೆಳೆಯಷ್ಟೂ ಕದಲದಿದ್ದರೆ ಮೌಖಿಕದಲ್ಲಿ ವಿಚಾರಿಸಬೇಕೆಂದೂ ಪರೀಕ್ಷಕರಿಗೆ ತಿಳಿಸಿ. ಇದಕ್ಕೆ ಹೊಸ ಉಪಕರಣವಾಗಲಿ, ಅನುದಾನವಾಗಲಿ ಬೇಕಿಲ್ಲ. ಮುಂದಿನ ಪ್ರಾಯೋಗಿಕ ಪರೀಕ್ಷೆಗೆ ಮುನ್ನ ಒಂದು ಸುತ್ತೋಲೆ ಹೊರಟರೆ ಸಾಕು.

ಇತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ