ಮಗಳಿಗೊಂದು ಪತ್ರ: ಅಳಿಲು ಬಾಲದ ಡೋರೀನ್

ಮುದ್ದು ಮಗಳೇ,

ಸೂಪರ್‌ಹೀರೋ ಕಾಮಿಕ್ಸ್ ಬೇಕು, ಆದರೆ ಬರೀ ಹೊಡೆದಾಟ ಬೇಡ, ನಗು ಬರಬೇಕು ಅಂತ ಕೇಳಿದ್ದೆಯಲ್ಲ, ‘ದಿ ಅನ್‌ಬೀಟಬಲ್ ಸ್ಕ್ವಿರಲ್ ಗರ್ಲ್’ ಹಿಡಿ. ಕಥೆ ರಯಾನ್ ನಾರ್ತ್ ಅವರದು, ಚಿತ್ರ ಎರಿಕಾ ಹೆಂಡರ್ಸನ್ ಅವರದು. ಹದಿಹರೆಯದವರ ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ 2017ರಲ್ಲಿ ಇದಕ್ಕೇ ಬಂತು.

ಕೊಳ್ಳುವಾಗ ಒಂದು ತೊಡಕಿದೆ. ಪ್ರಕಾಶಕರಾದ ಮಾರ್ವೆಲ್ ಇದನ್ನು 2015ರ ಜನವರಿಯಲ್ಲಿ ಶುರು ಮಾಡಿ 8 ಸಂಚಿಕೆ ತಂದು, ಅದೇ ಅಕ್ಟೋಬರ್‌ನಲ್ಲಿ ಮತ್ತೆ 1ರಿಂದ ಎಣಿಸತೊಡಗಿತು. ಈ ಎರಡನೇ ಸರಣಿ 2019ರವರೆಗೆ 50 ಸಂಚಿಕೆ ಓಡಿತು. ಒಂದೇ ವರ್ಷ ಎರಡು ‘ಸಂಚಿಕೆ 1’ ಇರುವುದರಿಂದ ಬಿಡಿ ಸಂಚಿಕೆ ಕೊಂಡವರು ಎಡವುವುದು ಇಲ್ಲೇ. ಹಲವು ಸಂಚಿಕೆಗಳನ್ನು ಒಟ್ಟುಗೂಡಿಸಿದ ಸಂಪುಟಗಳನ್ನು ಕ್ರಮವಾಗಿ ತಗೋ. ಮೊದಲನೆಯದರಲ್ಲಿ ಆರಂಭದ 4 ಸಂಚಿಕೆಗಳ ಜೊತೆಗೆ, ವಿಲ್ ಮರ್ರಿ ಮತ್ತು ಸ್ಟೀವ್ ಡಿಟ್ಕೊ 1991ರಲ್ಲಿ ಸ್ಕ್ವಿರಲ್ ಗರ್ಲ್ ಪಾತ್ರವನ್ನು ಹುಟ್ಟಿಸಿದ ಕಥೆಯೂ ಇದೆ. ಅದರ ಧಾಟಿಯೇ ಬೇರೆ, ಕೊನೆಗೆ ಓದು.

ಸ್ಕ್ವಿರಲ್ ಗರ್ಲ್‌ನ ನಿಜವಾದ ಹೆಸರು ಡೋರೀನ್ ಗ್ರೀನ್, ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿ. ಅಳಿಲುಗಳ ಜೊತೆ ಮಾತಾಡುತ್ತಾಳೆ, ಕಾಲೇಜಿಗೆ ಹೋಗುವಾಗ ಬಾಲವನ್ನು ಪ್ಯಾಂಟಿನೊಳಗೆ ತುರುಕಿಕೊಳ್ಳುತ್ತಾಳೆ. ಹೆಂಡರ್ಸನ್ ಅವಳಿಗೆ ಬಳುಕುವ ಸೊಂಟ ಕೊಟ್ಟಿಲ್ಲ, ಗಟ್ಟಿಮುಟ್ಟಾದ ತೊಡೆ, ತೋಳು ಕೊಟ್ಟಿದ್ದಾರೆ. ಹಾಗಾಗಿ ಅವಳು ನೆಗೆದಾಗ ಕಣ್ಣು ನಂಬುತ್ತದೆ. ಈ ಪುಸ್ತಕದ ದೊಡ್ಡ ಗೆಲುವು ಇದು ಅಂತ ನನ್ನ ಎಣಿಕೆ.

ಇನ್ನೊಂದು ಗೆಲುವು ಅವಳು ಗೆಲ್ಲುವ ಬಗೆ. ಹೊಡೆಯಬೇಕಾದಲ್ಲಿ ಹೊಡೆಯುತ್ತಾಳೆ, ಆದರೆ ಎದುರಾಳಿಗೆ ನಿಜವಾಗಿ ಏನು ಬೇಕು ಅನ್ನುವುದನ್ನೂ ತಿಳಿದುಕೊಳ್ಳುತ್ತಾಳೆ. ಬೇಟೆಗಾರ ಕ್ರೇವನ್‌ಗೆ ಸರಿಸಾಟಿಯಾದ ಬೇಟೆ ಬೇಕು; ಸಮುದ್ರದ ದೈತ್ಯಪ್ರಾಣಿಗಳತ್ತ ಅವನನ್ನು ತಿರುಗಿಸಿಬಿಡುತ್ತಾಳೆ. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್‌ನ ತಕರಾರು ಹಸಿವಿನದು. ಭೂಮಿಯ ಬದಲು ತಿನ್ನಲು ಬೇರೆ ಗ್ರಹ ಹುಡುಕಿಕೊಟ್ಟರೆ ಜಗಳಕ್ಕೆ ಕಾರಣವೇ ಇಲ್ಲ. ಓದುತ್ತಾ ಹೋದಂತೆ, ಖಳನಾಯಕ ತನ್ನ ಅಗತ್ಯವನ್ನು ಬಾಯಿಬಿಡುವ ಚಿತ್ರದ ಚೌಕ ಎಲ್ಲಿದೆ ಅಂತ ಹುಡುಕು. ಪರಿಹಾರದ ಬೀಜ ಸಾಮಾನ್ಯವಾಗಿ ಅಲ್ಲೇ ಬಿದ್ದಿರುತ್ತದೆ.

ರೂಮ್‌ಮೇಟ್ ನ್ಯಾನ್ಸಿ ವೈಟ್‌ಹೆಡ್‌ಗೆ ಯಾವ ಶಕ್ತಿಯೂ ಇಲ್ಲ. ಉಣ್ಣೆ ಹೆಣೆಯುತ್ತಾಳೆ, ಮ್ಯೂ ಅನ್ನುವ ಬೆಕ್ಕು ಸಾಕಿದ್ದಾಳೆ, ಯಾರಿಗೂ ಸೊಪ್ಪು ಹಾಕುವುದಿಲ್ಲ. ಅವಳ ಮುಖ ನೋಡು: ಡೋರೀನ್ ಕುಣಿದಾಡುವ ಚೌಕದಲ್ಲೂ ಇವಳದು ಅರ್ಧ ಎತ್ತಿದ ಹುಬ್ಬು ಅಷ್ಟೆ. ಎಷ್ಟೋ ನಗು ಹುಟ್ಟುವುದು ಆ ಅಂತರದಿಂದಲೇ.

ಪುಟದ ಕೆಳಅಂಚಿನಲ್ಲಿ ಮಾಸಲು ಬಣ್ಣದ ಪುಟ್ಟ ಅಕ್ಷರದ ಸಾಲೊಂದಿರುತ್ತದೆ, ಲೇಖಕರು ಪಕ್ಕದಲ್ಲಿ ಕೂತು ಪಿಸುಗುಟ್ಟಿದ ಹಾಗೆ. ಮೊದಲು ಪುಟ ಮುಗಿಸು, ಆಮೇಲೆ ಅದನ್ನು ಓದು. ನಡುವೆ ಕಣ್ಣು ಇಳಿಸಿದರೆ ಕಥೆಯ ಲಯ ಮುರಿಯುತ್ತದೆ. ಫೋನಿನಲ್ಲಿ ಒಂದೊಂದೇ ಚೌಕ ದೊಡ್ಡದಾಗಿ ತೋರಿಸುವ ವ್ಯವಸ್ಥೆ ಬೇಡ; ಆ ಸಾಲು ತಪ್ಪಿಹೋಗಬಹುದು. ಟ್ಯಾಬ್ಲೆಟ್‌ನಲ್ಲಿ ಇಡೀ ಪುಟ ನೋಡು.

ಎರಡನೇ ಸರಣಿಯ 11ನೇ ಸಂಚಿಕೆಗೆ ಬಂದಾಗ ಕೈ ಖಾಲಿ ಇಟ್ಟುಕೋ. ಬೆರಳಲ್ಲಿ ಬೈನರಿ, ಅಂದರೆ 0 ಮತ್ತು 1 ಮಾತ್ರ ಬಳಸುವ ಲೆಕ್ಕದಲ್ಲಿ, ಎಣಿಸುವುದು ಅಲ್ಲಿ ಬರುತ್ತದೆ. ಹೆಬ್ಬೆರಳು 1, ತೋರುಬೆರಳು 2, ನಡುಬೆರಳು 4, ಉಂಗುರಬೆರಳು 8, ಕಿರುಬೆರಳು 16. ಎತ್ತಿದ ಬೆರಳುಗಳನ್ನು ಕೂಡಿಸಿದರೆ ಸಂಖ್ಯೆ: ಹೆಬ್ಬೆರಳು, ನಡುಬೆರಳು ಎತ್ತಿದರೆ 5. ಒಂದು ಕೈಯಲ್ಲಿ 31ರವರೆಗೆ, ಎರಡೂ ಕೈಯಲ್ಲಿ 1023ರವರೆಗೆ. ಉಂಗುರಬೆರಳು ಒಂದೇ ಏಳುವುದಿಲ್ಲ ಅಂತ ಹಟ ಮಾಡುತ್ತದೆ. ಅಂಗೈಯನ್ನು ಮೇಜಿನ ಮೇಲಿಟ್ಟು, ಎತ್ತುವ ಬದಲು ಒತ್ತಿ ಎಣಿಸು, ಸಲೀಸಾಗುತ್ತದೆ.

32ನೇ ಸಂಚಿಕೆಯಿಂದ ಚಿತ್ರ ಡೆರೆಕ್ ಚಾರ್ಮ್ ಅವರದು, ಗೆರೆ ಬದಲಾಗುತ್ತದೆ. ಗಾಬರಿಯಾಗದೆ ಮುಂದುವರಿಸು, ಬರೆಯುವ ಕೈ ಕೊನೆವರೆಗೂ ನಾರ್ತ್ ಅವರದೇ.

ಮೊದಲ ಸಂಪುಟ ಮುಗಿದ ಮೇಲೆ ಡೋರೀನ್ ಹೆಚ್ಚು ಹಿಡಿಸಿದಳೋ ನ್ಯಾನ್ಸಿಯೋ, ಬರಿ.

ನಿನ್ನ
ಅಮ್ಮ