ಅದು ಕಿಟಕಿ ತೆಗೆಯೋದಲ್ಲ ಸ್ವಾಮಿ, ಕಿಟಕಿಯಿಂದ ಎಸೆಯೋದು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಇಂಗ್ಲಿಷ್ ಪದಗಳ ಬಾಕ್ಸ್ ಹಾಕಿದ್ರಲ್ಲ, ಅದ್ರಲ್ಲಿ ಡಿಫೆನೆಸ್ಟ್ರೇಷನ್ ಅನ್ನೋದಕ್ಕೆ 'ಕಿಟಕಿ ತೆಗೆಯುವುದು' ಅಂತ ಅರ್ಥ ಕೊಟ್ಟಿದೀರ. ಅದನ್ನ ಓದ್ಕೊಂಡು ನನ್ ಮಗಳು ಬೆಳಗ್ಗೆಯಿಂದ 'ಅಪ್ಪಾ ಸೆಖೆ, ಸ್ವಲ್ಪ ಡಿಫೆನೆಸ್ಟ್ರೇಷನ್ ಮಾಡು' ಅಂತ ಪ್ರಾಣ ತಿಂತಿದಾಳೆ. ಮಾಡಿದ್ರೆ ಪೊಲೀಸ್ನೋರು ಬರ್ತಾರೆ ಸ್ವಾಮಿ, ಯಾಕಂದ್ರೆ ಆ ಪದದ ಅರ್ಥ ಮನುಷ್ಯನನ್ನೋ ವಸ್ತುವನ್ನೋ ಕಿಟಕಿಯಿಂದ ಆಚೆಗೆ ಎಸೆಯೋದು. ಲ್ಯಾಟಿನ್ನಲ್ಲಿ ಫೆನೆಸ್ಟ್ರಾ ಅಂದ್ರೆ ಕಿಟಕಿ, ಮುಂದಿರೋ 'ಡಿ' ಅಲ್ಲಿಂದ ಆಚೆಗೆ ಅನ್ನೋದು. ಅಷ್ಟೇ.

ಇಂಥ ಕೆಲಸಕ್ಕೂ ಒಂದು ಪದ ಬೇಕಿತ್ತಾ ಅಂದ್ರೆ, ಈಗಿನ ಚೆಕ್ ದೇಶದ ಪ್ರಾಗ್ ಊರಿನೋರಿಗೆ ಬೇಕಿತ್ತು. 1419ರಲ್ಲೇ ಅಲ್ಲಿನ ಟೌನ್ ಹಾಲ್ ಕಿಟಕಿಯಿಂದ ಕೌನ್ಸಿಲರ್‌ಗಳನ್ನ ಎಸೆದಿದ್ರು, ಅವ್ರು ಸತ್ತೇ ಹೋದ್ರು. ಆಮೇಲೆ 1618ರ ಮೇ 23ಕ್ಕೆ ಪ್ರಾಗ್ ಕೋಟೇಲಿ ಇನ್ನೊಂದು ಸಲ, ಪ್ರಾಟೆಸ್ಟೆಂಟ್ ಸರದಾರರು ಕ್ಯಾಥೊಲಿಕ್ ರಾಜನ ಕಡೆಯ ಇಬ್ರು ಅಧಿಕಾರಿಗಳನ್ನ ಎತ್ತಿ ಎಸೆದ್ರು, ಜೊತೆಗಿದ್ದ ಪಾಪದ ಸೆಕ್ರೆಟರಿ ಫಾಬ್ರೀಸಿಯಸ್‌ನನ್ನೂ ಬಿಡ್ಲಿಲ್ಲ. ಎಪ್ಪತ್ತಡಿ ಎತ್ತರ, ಮೂರೂ ಜನ ಬದುಕಿದ್ರು! ಕ್ಯಾಥೊಲಿಕ್‌ನೋರು ಮೇರಿ ಮಾತೆ ಕಾಪಾಡಿದ್ಲು ಅಂದ್ರೆ ಎದುರು ಪಾರ್ಟಿಯೋರು ತಿಪ್ಪೆ ಕಾಪಾಡ್ತು ಅಂದ್ರು. ಆ ಜಗಳ ಬೆಳೆದು ಬೆಳೆದು 1648ರವರೆಗೆ ಮೂವತ್ತು ವರ್ಷದ ಯುದ್ಧ ಆಯ್ತು. ಸೆಕ್ರೆಟರಿಗೆ ಮಾತ್ರ ಆಮೇಲೆ ಚಕ್ರವರ್ತಿಯಿಂದ ಬಿರುದು ಸಿಕ್ತು, ಫಾನ್ ಹೋಹೆನ್‌ಫಾಲ್, ಅಂದ್ರೆ ಹೆಚ್ಚುಕಮ್ಮಿ 'ಎತ್ತರದಿಂದ ಬಿದ್ದೋರ ಮನೆತನ'. ತಮಾಷೆಗೆ ಕೊಟ್ರೋ ಗೌರವಕ್ಕೆ ಕೊಟ್ರೋ, ನಂಗಂತೂ ನಗು ತಡೆಯಕ್ಕಾಗಲ್ಲ.

ಬಾಕ್ಸಲ್ಲಿ ಜಾಗ ಇದ್ದಿದ್ರೆ ಕಿಟಕಿ ಕಥೆನೂ ಹಾಕ್ಬೋದಿತ್ತು. ಇಂಗ್ಲಿಷಿನ ವಿಂಡೋ ಹಳೇ ನಾರ್ಸ್ ಭಾಷೆಯಿಂದ ಬಂದಿದ್ದು, ಅಲ್ಲಿ ಅದರ ಅರ್ಥ ಗಾಳಿಕಣ್ಣು. ನಮ್ಮ ಗವಾಕ್ಷನೂ ಕಣ್ಣೇ, ಹಸುವಿನ ಕಣ್ಣು. ಎಲ್ಲಿಯ ನಾರ್ವೆ ಎಲ್ಲಿಯ ಸಂಸ್ಕೃತ ನೋಡಿ, ಗೋಡೇಲಿ ತೂತು ಕಂಡ್ರೆ ಇಬ್ರಿಗೂ ಕಣ್ಣೇ ನೆನಪಾಗಿದೆ. ನಮ್ ಪಕ್ಕದ ಮನೆ ತಮಿಳಿನೋರು ಹೇಳೋ ಜನ್ನಲ್, ಕೊಂಕಣಿಯೋರ ಜನೇಲ್, ಎರಡೂ ಪೋರ್ಚುಗೀಸರು ಬಿಟ್ಟುಹೋಗಿದ್ದು. ಅಚ್ಚಗನ್ನಡದ್ದು ಅಂದ್ರೆ ನಂಗೆ ಕಿಂಡಿನೇ ಇಷ್ಟ, ಉಡುಪೀಲಿ ಕನಕನ ಕಿಂಡಿ ಇರೋವರೆಗೆ ಆ ಪದಕ್ಕೆ ಸಾವಿಲ್ಲ.

ಇಷ್ಟಕ್ಕೂ ಈ ಡಿಫೆನೆಸ್ಟ್ರೇಷನ್ ಪದದ ಮೇಲೆ ನಂಗ್ಯಾಕಿಷ್ಟು ಪ್ರೀತಿ ಅಂದ್ರೆ, ನಮ್ ಬಿಲ್ಡಿಂಗಲ್ಲಿ ದಿನಾ ನಡೆಯೋದೇ ಇದು. ಕಸದ ಆಟೋ ಬೆಳಗ್ಗೆ ಬಂದು ಹಾಡು ಹಾಕ್ಕೊಂಡು ಹೋಗುತ್ತೆ, ಮೂರನೇ ಫ್ಲೋರಿನೋರು ಆವಾಗ ಮಲಗಿರ್ತಾರೆ, ರಾತ್ರಿ ಹತ್ತೂವರೆಗೆ ಅವ್ರ ಕಿಟಕಿಯಿಂದ ಕವರ್ ಹಾರುತ್ತೆ. ಮೊನ್ನೆ ನನ್ ಸ್ಕೂಟರ್ ಸೀಟ್ ಮೇಲೆ ಬಿತ್ತು, ಉಪ್ಪಿಟ್ಟು, ಮೆಣಸಿನಕಾಯಿ ಸಮೇತ. ಕೇಳಿದ್ರೆ 'ನಾವಲ್ಲ ಸಾರ್, ಗಾಳಿಗೆ ಬಿದ್ದಿರ್ಬೇಕು' ಅಂತಾರೆ.

ದಯವಿಟ್ಟು ಮುಂದಿನ ಭಾನುವಾರ ಸರಿಯಾದ ಅರ್ಥ ಹಾಕಿ, ಸ್ವಲ್ಪ ದಪ್ಪ ಅಕ್ಷರದಲ್ಲೇ ಇರ್ಲಿ. ಕಟ್ ಮಾಡಿ ಲಿಫ್ಟ್ ಒಳಗೆ, ಮೂರನೇ ನಂಬರ್ ಬಟನ್ ಪಕ್ಕ ಅಂಟಿಸ್ಬೇಕು.

ಇಂತಿ,
ನಿಮ್ಮ ಹಳೇ ಓದುಗ
ಮಲ್ಲೇಶ್ವರ, ಬೆಂಗಳೂರು