ಶಾಪ ಅಷ್ಟು ಸುಲಭಕ್ಕೆ ಬಿಡಬಾರದು ಕಣೋ

ಪ್ರೀತಿಯ ಗೆಳೆಯಾ,

ನೀನು ಬರೆಯುತ್ತಿರುವ ಕಪ್ಪೆರಾಯನ ಕಥೆಯ ಮೂರು ಅಧ್ಯಾಯ ಬಂದು ಸೇರಿದವು. ಓದಿಯೂ ಆಯಿತು. ಅದರ ಮಾತು ಕೊನೆಗೆ, ತಾಳು. ಮೊದಲು ನೀನು ಕೇಳಿದ್ದಕ್ಕೆ ಉತ್ತರ.

"ಪ್ರಕಾಶಕರಿಲ್ಲದೆ ತಾವೇ ಪುಸ್ತಕ ತರುವವರ ಪ್ರೇಮ ಕಾದಂಬರಿಗಳನ್ನ ಅಷ್ಟೊಂದು ಓದ್ತೀಯಲ್ಲ, ಅದರಲ್ಲಿ ಏನಾದ್ರೂ ಹುರುಳಿದೆಯಾ?" ಅಂತ ಕೇಳಿದ್ದೀಯ. ಕೇಳುವಾಗ ನೀನು ಮೂಗು ಮುರಿದದ್ದು ಇಲ್ಲಿಗೇ ಕಾಣಿಸಿತು. ಇರಲಿ. ನಾಲ್ಕು ತಿಂಗಳಲ್ಲಿ 11 ಓದಿದೆ. ಎಲ್ಲವೂ ಯಾವುದೋ ಅಡುಗೂಲಜ್ಜಿ ಕಥೆಯ ಎಳೆ ಹಿಡಿದು ಬರೆದವೇ. ಐದನ್ನು ಅರ್ಧಕ್ಕೆ ಬಿಟ್ಟೆ. ನಾಲ್ಕು ಹಾಗೇ ಓದಿಸಿಕೊಂಡು ಹೋದವು, ಈಗ ಹೆಸರೂ ನೆನಪಿಲ್ಲ. ಎರಡು ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ.

ಮೊದಲು ಬೈದು ಮುಗಿಸಿಬಿಡುತ್ತೇನೆ. ಕವರ್ ನೋಡಿದರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಮುಳ್ಳಿನ ಬಳ್ಳಿ, ಕಿರೀಟ, ಕತ್ತಿ, ಒಂದು ಗುಲಾಬಿ. ಹೆಸರುಗಳೂ ಅಷ್ಟೆ, ಇಂಥದ್ದು ಮತ್ತು ಅಂಥದ್ದು. ಒಂದರಲ್ಲಿ ನಾಯಕನ ಕಣ್ಣು ಎರಡನೇ ಅಧ್ಯಾಯದಲ್ಲಿ ನೀಲಿ, ಒಂಬತ್ತರಲ್ಲಿ ಬೂದು. ಶಾಪದ ಪರಿಣಾಮ ಇರಬಹುದು ಅಂತ ಕಾದು ಕೂತೆ. ಅಲ್ಲ, ಬರೀ ಮರೆವು. ಇನ್ನು ಉದ್ದ! ಚಂದಾ ಕಟ್ಟಿ ಇ-ಪುಸ್ತಕ ಓದುವ ಅಮೆಜಾನ್‌ನ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ 2015ರ ಜುಲೈಯಿಂದ ಲೇಖಕರಿಗೆ ದುಡ್ಡು ಬರುವುದು ಓದಿದ ಪುಟಗಳ ಲೆಕ್ಕದಲ್ಲಿ. ಅದನ್ನು ತಿಳಿದ ಮೇಲೆ, ನಾಯಕಿ ಮೂರು ಅಧ್ಯಾಯ ಪೂರ್ತಿ ಕುದುರೆ ಮೇಲೆ ಕೂತು ಯೋಚಿಸುತ್ತಲೇ ಹೋದರೆ ನನಗೆ ಸ್ವಲ್ಪ ಅನುಮಾನ ಬರುತ್ತದೆ.

ಆದರೂ ಇವರೆಲ್ಲ ಹಳೇ ಕಥೆಗಳನ್ನೇ ಯಾಕೆ ಹಿಡಿಯುತ್ತಾರೆ ಅನ್ನುವುದು ಅರ್ಥವಾಗುತ್ತದೆ. ಆ ಕಥೆಗಳು ಯಾರ ಸ್ವತ್ತೂ ಅಲ್ಲ. ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ್ದು, ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ತಂದದ್ದು, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಸಿನಿಮಾದವರು ಆಮೇಲೆ ಸೇರಿಸಿದ್ದನ್ನು ಮುಟ್ಟಬಾರದು, ಅಷ್ಟೆ. ಇನ್ನೊಂದು ಕಾರಣವೂ ಇದೆ. ಪ್ರೇಮ ಕಾದಂಬರಿ ಓದುವವರಿಗೆ ಕೊನೆಯಲ್ಲಿ ಇಬ್ಬರೂ ಜೊತೆಯಾಗುತ್ತಾರೆ ಅಂತ ಮೊದಲೇ ಗೊತ್ತು. ಜೊತೆಯಾಗದಿದ್ದರೆ ಜಗಳಕ್ಕೇ ಬರುತ್ತಾರೆ. ಅಜ್ಜಿ ಕಥೆ ಕೇಳುವ ಮಗುವಿಗೂ ಕೊನೆ ಗೊತ್ತೇ ಇರುತ್ತದೆ, ಆದರೂ ಮತ್ತೆ ಹೇಳು ಅನ್ನುತ್ತದೆ. ಏನಾಗುತ್ತೆ ಅನ್ನುವುದಕ್ಕಿಂತ ಹೇಗಾಗುತ್ತೆ ಅನ್ನುವುದೇ ಇಬ್ಬರಿಗೂ ಮುಖ್ಯ.

ನನ್ನ ತಕರಾರು ಇರುವುದು ಆ "ಹೇಗೆ"ಯಲ್ಲೇ.

11ರಲ್ಲಿ ನಾಲ್ಕು ಬ್ಯೂಟಿ ಅಂಡ್ ದಿ ಬೀಸ್ಟ್ ಕಥೆಯವು, ಶಾಪದಿಂದ ಮೃಗವಾದ ರಾಜಕುಮಾರನನ್ನು ಒಬ್ಬ ಹುಡುಗಿ ಪ್ರೀತಿಸುವ ಕಥೆ. ನಾಲ್ಕರಲ್ಲೂ ಮೃಗ ಅಂದರೆ ಒಬ್ಬ ಎತ್ತರದ ಸುಂದರ ಗಂಡಸು, ಹಣೆಯಲ್ಲಿ ಎರಡು ಪುಟ್ಟ ಕೊಂಬು. ಕೆನ್ನೆಯ ಮೇಲೆ ಒಂದು ಗಾಯದ ಗುರುತು, ಅದೂ ಚೆಂದಕ್ಕೆ. ಇವನನ್ನು ನೋಡಿ ಯಾರು ಹೆದರುತ್ತಾರೆ ಹೇಳು? ಹೆದರಿಕೆಯೇ ಇಲ್ಲದ ಮೇಲೆ ಅದನ್ನು ದಾಟಿ ಬರುವ ಪ್ರೀತಿ ಎಲ್ಲಿಂದ ಬರಬೇಕು?

ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಈ ಕಥೆಯನ್ನು ಮೊದಲು ದೊಡ್ಡದಾಗಿ ಬರೆದವಳು ವಿಲ್‌ನೂವ್ ಅನ್ನುವ ಫ್ರೆಂಚ್ ಹೆಂಗಸು, 1740ರಲ್ಲಿ. ದೊಡ್ಡವರಿಗಾಗಿ ಬರೆದದ್ದು, ನೂರು ಪುಟಕ್ಕೂ ಜಾಸ್ತಿ. 1756ರಲ್ಲಿ ಬೋಮೊಂಟ್ ಅನ್ನುವ ಇನ್ನೊಬ್ಬ ಫ್ರೆಂಚ್ ಲೇಖಕಿ ಅದನ್ನು ಮೊಟಕು ಮಾಡಿ ಹುಡುಗಿಯರಿಗೆ ಪಾಠದಂತೆ ಬರೆದಳು. ಜಗತ್ತು ನೆನಪಿಟ್ಟುಕೊಂಡದ್ದು ಅದನ್ನೇ. ಬೋಮೊಂಟ್ ಕಥೆಯಲ್ಲಿ ಮೃಗ ದಿನಾ ರಾತ್ರಿ "ನನ್ನನ್ನ ಮದುವೆಯಾಗ್ತೀಯಾ?" ಅಂತ ಕೇಳುತ್ತದೆ. ವಿಲ್‌ನೂವ್ ಬರೆದದ್ದರಲ್ಲಿ ಅದು ಕೇಳುವುದು ಮದುವೆಯ ಮಾತಲ್ಲ. "ನನ್ನ ಜೊತೆ ಮಲಗ್ತೀಯಾ?" ಅಂತ ನೇರವಾಗಿ ಕೇಳುತ್ತದೆ. ಈಗಿನ ಪುಸ್ತಕಗಳಲ್ಲಿ ಹಾಸಿಗೆಯ ದೃಶ್ಯ ಜಾಸ್ತಿ ಅಂತ ಗೊಣಗುವವರಿಗೆ ನಾನು ಇದನ್ನೇ ಹೇಳುವುದು. ಇನ್ನೊಂದು ತಮಾಷೆ ಅಂದರೆ, ವಿಲ್‌ನೂವ್ ಕಥೆಯ ನಾಯಕಿಗೆ ದಿನಾ ಕನಸಿನಲ್ಲಿ ಒಬ್ಬ ಚೆಲುವ ಬರುತ್ತಾನೆ. ಅವಳು ಮನಸ್ಸು ಕೊಡುವುದು ಅವನಿಗೆ. ಅವನೂ ಮೃಗವೂ ಒಬ್ಬನೇ ಅಂತ ಪಾಪ ಅವಳಿಗೆ ಗೊತ್ತಿಲ್ಲ. ಲವ್ ಟ್ರಯಾಂಗಲ್ ಅನ್ನುವುದು ಹೊಸದೇನಲ್ಲ, ನೋಡು.

ಆದರೆ ಮುಖ್ಯವಾದದ್ದು ಆ ಪ್ರಶ್ನೆಯ ಆಮೇಲಿನದು. ಅವಳು ಇಲ್ಲ ಅನ್ನುತ್ತಾಳೆ. ಮೃಗ ಸರಿ ಅಂತ ಹೇಳಿ ಹೊರಟು ಹೋಗುತ್ತದೆ. ಮರುದಿನ ಮತ್ತೆ ಕೇಳುತ್ತದೆ, ಮತ್ತೆ ಇಲ್ಲ. ಅಷ್ಟು ದೊಡ್ಡ ಪ್ರಾಣಿ ಒಂದು "ಇಲ್ಲ"ಕ್ಕೆ ತಲೆ ಬಾಗಿಸಿ ಬಾಗಿಲು ದಾಟಿ ಹೋಗುತ್ತದಲ್ಲ, ಪ್ರೇಮ ಕಥೆ ಇರುವುದೇ ಅಲ್ಲಿ. ಮೊನ್ನೆ ಓದಿದ ನಾಲ್ಕರಲ್ಲಿ ಮೂರು ಪುಸ್ತಕಗಳಿಗೆ ಈ "ಇಲ್ಲ" ನೆನಪೇ ಇಲ್ಲ. ನಾಯಕ ಗೋಡೆಗೆ ಕೈ ಊರಿ ದಾರಿ ಅಡ್ಡಗಟ್ಟುತ್ತಾನೆ, ನಾಯಕಿಗೆ ಮೈ ಜುಮ್ ಅನ್ನುತ್ತದೆ. ನನಗೇನೂ ಅನ್ನಿಸಲಿಲ್ಲ. ಪರದೆ ಆರಿಸಿ ಮಲಗಿದೆ.

ಸರಿ, ಆ ಎರಡರ ಬಗ್ಗೆ.

ಒಂದು ರಪುಂಜೆಲ್ ಕಥೆ, ಗೋಪುರದಲ್ಲಿ ಕೂಡಿಹಾಕಿದ ಉದ್ದ ಕೂದಲಿನ ಹುಡುಗಿಯದು. ಗ್ರಿಮ್ ಕಥೆಯಲ್ಲಿ ರಾಜಕುಮಾರ ಗೋಪುರದಿಂದ ಮುಳ್ಳಿನ ಮೇಲೆ ಬಿದ್ದು ಕುರುಡನಾಗುತ್ತಾನೆ, ವರ್ಷಗಟ್ಟಲೆ ಅಲೆಯುತ್ತಾನೆ. ಕೊನೆಗೆ ಅವಳ ಎರಡು ಹನಿ ಕಣ್ಣೀರು ಬಿದ್ದು ದೃಷ್ಟಿ ಬರುತ್ತದೆ. ಈ ಕಾದಂಬರಿಯಲ್ಲಿ ಅವಳು ಅಳುತ್ತಾಳೆ, ಕಣ್ಣು ಬರುವುದಿಲ್ಲ. ಇಬ್ಬರೂ ಕಾಯುತ್ತಾರೆ. ಬರುವುದೇ ಇಲ್ಲ. ಅಲ್ಲಿಂದ ಮುಂದೆ ಅರ್ಧ ಪುಸ್ತಕ ಇದೆ! ಗೋಪುರದಲ್ಲಿ ಕೂತು ಅವಳು ಸದ್ದುಗಳಿಂದಲೇ ಲೋಕ ಕಲಿತವಳು. ಕಾಲ ಸಪ್ಪಳದಲ್ಲಿ ಯಾರು ಬಂದರು, ಗಾಳಿ ಯಾವ ಕಡೆಯದು, ಮಳೆ ಎಷ್ಟು ದೂರ ಇದೆ, ಎಲ್ಲ ಅವಳಿಗೆ ಗೊತ್ತು. ಅದನ್ನು ಅವನಿಗೆ ಕಲಿಸುತ್ತಾಳೆ. ಅವಳಿಗೆ ಬಯಲು ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಆಗ ಅವನು ಕೈ ಹಿಡಿದು ನಡೆಸುತ್ತಾನೆ. ಕುರುಡ ದಾರಿ ತೋರಿಸುತ್ತಾನೆ ಅಂದರೆ ನಾಟಕೀಯ ಅನ್ನಿಸಬಹುದು, ಆದರೆ ಓದುವಾಗ ಹಾಗೆ ಅನ್ನಿಸುವುದಿಲ್ಲ. ಅಚ್ಚಿನ ತಪ್ಪು ಪುಟಕ್ಕೊಂದಿತ್ತು. ಕ್ಷಮಿಸಿದೆ. ದೊಡ್ಡ ಪ್ರಕಾಶಕರಾಗಿದ್ದರೆ ತಪ್ಪು ತಿದ್ದುತ್ತಿದ್ದರು, ಜೊತೆಗೆ ಅವನ ಕಣ್ಣನ್ನೂ ಸರಿ ಮಾಡಿಸುತ್ತಿದ್ದರೇನೋ ಅಂತ ನನ್ನ ಗುಮಾನಿ.

ಇನ್ನೊಂದು ಆರು ಹಂಸಗಳದ್ದು. ಶಾಪದಿಂದ ಹಂಸಗಳಾದ ಆರು ಅಣ್ಣಂದಿರನ್ನು ಮತ್ತೆ ಮನುಷ್ಯರನ್ನಾಗಿ ಮಾಡಲು ತಂಗಿ ಆರು ವರ್ಷ ಮಾತಾಡದೆ, ನಗದೆ, ಅವರಿಗೆ ಅಂಗಿ ಹೊಲಿಯುತ್ತಾಳಲ್ಲ, ಕೊನೆಯ ಅಂಗಿಗೆ ಎಡತೋಳು ಹಚ್ಚುವುದು ಬಾಕಿ ಉಳಿಯುತ್ತದೆ. ಹಾಗಾಗಿ ಕಿರಿಯ ಅಣ್ಣನಿಗೆ ತೋಳಿನ ಜಾಗದಲ್ಲಿ ಹಂಸದ ರೆಕ್ಕೆ ಉಳಿದುಬಿಡುತ್ತದೆ. ಗ್ರಿಮ್ ಅವನನ್ನು ಅಲ್ಲಿಗೇ ಬಿಟ್ಟು ಕಥೆ ಮುಗಿಸುತ್ತಾರೆ. ಈ ಲೇಖಕಿ ಅವನನ್ನು ಒಬ್ಬ ದರ್ಜಿ ಹೆಂಗಸಿನ ಅಂಗಡಿಗೆ ಕರೆತರುತ್ತಾಳೆ. ರೆಕ್ಕೆಗೆ ಅಂಗಿ ಹೊಲಿಯುವುದು ಹೇಗೆ? ಕಂಕುಳ ಎಷ್ಟು ಬಿಡಬೇಕು? ಅವಳು ಟೇಪು ಹಿಡಿದು ಅಳತೆ ತೆಗೆಯುತ್ತಾಳೆ, ಅವನು ನಾಚಿಕೆಯಿಂದ ರೆಕ್ಕೆ ಬಿಚ್ಚುವುದೇ ಇಲ್ಲ. ಆ ಒಂದು ಅಳತೆ ಹನ್ನೆರಡು ಪುಟ ನಡೆಯುತ್ತದೆ. ಇಡೀ ಪುಸ್ತಕದಲ್ಲಿ ಮುತ್ತು ಒಂದೇ ಒಂದು, ಅದೂ ಕೊನೆಗೆ. ಬೇಕೂ ಇರಲಿಲ್ಲ.

ನೋಡಿದೆಯಾ, ಎರಡರಲ್ಲೂ ಶಾಪ ಪೂರ್ತಿ ಬಿಡುವುದಿಲ್ಲ. ಏನೋ ಒಂದು ಉಳಿದುಕೊಳ್ಳುತ್ತದೆ, ಅದರ ಜೊತೆ ಸಂಸಾರ ಮಾಡಬೇಕು. ನಮ್ಮ ಹೂವಿನ ಮರವಾಗುವ ಹುಡುಗಿಯ ಕಥೆಯೂ ಹೀಗೇ ಅಲ್ವಾ? ಎ.ಕೆ. ರಾಮಾನುಜನ್ ಕನ್ನಡದಲ್ಲಿ ಕೇಳಿ ಬರೆದಿಟ್ಟದ್ದು. ಅದರಲ್ಲಿ ಮದುವೆ ಕಥೆಯ ನಡುವೆಯೇ ಆಗಿಹೋಗುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ನಾದಿನಿ ಕೊಂಬೆ ಮುರಿದು ಹಾಕುತ್ತಾಳೆ, ಅವಳು ಕೈಕಾಲಿಲ್ಲದ ಮುದ್ದೆಯಾಗುತ್ತಾಳೆ. ಎಷ್ಟೋ ಕಾಲದ ಮೇಲೆ ಗಂಡ ಅವಳನ್ನು ಮತ್ತೆ ಮರ ಮಾಡಿ, ಮುರಿದ ಕೊಂಬೆಗಳನ್ನೆಲ್ಲ ಕೈಯಾರೆ ಸರಿಪಡಿಸಬೇಕು. ಮೊದಲು ಬರೀ ಹೂವಿಗಾಗಿ ಕಾಡುತ್ತಿದ್ದವನು ಅವನು.

ಈಗ ನಿನ್ನ ಕಪ್ಪೆ. ಮುತ್ತು ಕೊಟ್ಟ ತಕ್ಷಣ ರಾಜಕುಮಾರನಾದ ಅಂತ ಬರೆದಿದ್ದೀಯ. ಗ್ರಿಮ್ ಕಥೆಯಲ್ಲಿ ಮುತ್ತೇ ಇಲ್ಲ ಕಣೋ! ಅವಳು ಸಿಟ್ಟಿನಿಂದ ಎತ್ತಿ ಗೋಡೆಗೆ ಬಡಿಯುತ್ತಾಳೆ. ನಿನಗೆ ಮುತ್ತೇ ಬೇಕಾದರೆ ಇಟ್ಟುಕೋ, ಜಗಳ ಇಲ್ಲ. ಆದರೆ ಮೂರನೇ ಅಧ್ಯಾಯದಲ್ಲಿ ಒಂದು ಸಾಲು ಬರೆದು ಮುಂದೆ ಓಡಿಬಿಟ್ಟಿದ್ದೀಯ. ಮನುಷ್ಯನಾದ ಮೇಲೂ ಅವನಿಗೆ ನಿದ್ದೆ ಬರದೆ, ರಾತ್ರಿ ಎದ್ದು ನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಾನೆ ಅಂತ. ಅಷ್ಟು ಒಳ್ಳೆಯದನ್ನು ಒಂದೇ ಸಾಲಿನಲ್ಲಿ ಮುಗಿಸಿದರೆ ಹೇಗೆ ಮಾರಾಯ? ಅರಮನೆ ವರ್ಣನೆ ನಾಲ್ಕು ಪುಟ ಇದೆ, ಅದನ್ನು ಕಿತ್ತು ಹಾಕು. ಈ ಬಕೆಟ್ಟನ್ನು ಮತ್ತೆ ಬರೆ. ಅವಳಿಗೆ ಎಚ್ಚರವಾಗಲಿ, ಕತ್ತಲಲ್ಲಿ ನೀರಿನ ಸದ್ದು ಕೇಳಲಿ. ಎದ್ದು ಬಂದು ನೋಡಿ ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ಬೇಗ ಕಳಿಸು.

ನಿನ್ನ
ಓದುಬಾಕ

ತಾ.ಕ.: ಚಿನ್ನದ ಚೆಂಡು ಮೊದಲ ಅಧ್ಯಾಯದಲ್ಲಿ ಬಾವಿಗೆ ಬಿತ್ತು, ಎರಡನೆಯದರಲ್ಲಿ ಕೆರೆಯಿಂದ ಬಂತು. ನೀಲಿ ಕಣ್ಣಿನವನನ್ನು ನೆನಪಿಟ್ಟುಕೋ.